ಅಲೆ ಸವಾರಿಗೆ ಕಡಲತೀರಗಳ ಆಯ್ಕೆ: ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳಿಗೆ ಕಡಲತೀರವಿಲ್ಲ. ಈ ಭಾಗದ ನಾಗರಿಕರು ಈಜು ಕಲಿಯುವುದು ಮಲಪ್ರಭಾ ಹೊಳೆಯಲ್ಲಿ, ಊರ ಕೆರೆಯಲ್ಲಿ ಅಥವಾ ಹೊಲದ ಬಾವಿಯಲ್ಲಿ. ಆದರೆ ಗೋಕರ್ಣ, ಮುರುಡೇಶ್ವರ, ಉಡುಪಿ ಮುಂತಾದ ಕ್ಷೇತ್ರಗಳ ಯಾತ್ರೆಗೆ, ಶಾಲಾ ಪ್ರವಾಸಕ್ಕೆ ಹಾಗೂ ರಜಾದಿನಗಳ ವಿಹಾರಕ್ಕೆ ಈ ತಾಲೂಕುಗಳಿಂದ ಪ್ರತಿ ವರ್ಷ ಬಹಳ ಮಂದಿ ಕರಾವಳಿಗೆ ತೆರಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅಲೆ ಸವಾರಿ, ಅಂದರೆ ಸರ್ಫಿಂಗ್ ಕ್ರೀಡೆಯನ್ನು ಕಲಿಯಲು ಆಸಕ್ತಿ ತೋರುವ ಯುವಜನರೂ ಇದ್ದಾರೆ.

ರಾಜ್ಯದ ಕರಾವಳಿಯು ಉತ್ತರ ಕನ್ನಡ, ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ 300 ಕಿ.ಮೀ.ಗಿಂತ ಹೆಚ್ಚು ಉದ್ದಕ್ಕೆ ಹಬ್ಬಿದೆ. ಇಲ್ಲಿಯ ಎಲ್ಲ ತೀರಗಳೂ ಒಂದೇ ಬಗೆಯವಲ್ಲ. ಕೆಲವು ಕಲಿಯುವವರಿಗೆ ಅನುಕೂಲವಾಗಿವೆ; ಕೆಲವು ನುರಿತವರಿಗೆ ಮಾತ್ರ ತಕ್ಕವು; ಮತ್ತೆ ಕೆಲವು ದಡದಲ್ಲಿ ನಿಂತು ನೋಡುವುದಕ್ಕಷ್ಟೇ ಯೋಗ್ಯವಾದವು. ತಮ್ಮ ಕೌಶಲ್ಯಕ್ಕೆ ತಕ್ಕ ತೀರವನ್ನು, ತಕ್ಕ ಋತುವಿನಲ್ಲಿ ಆರಿಸಿಕೊಳ್ಳಲು ನಾಗರಿಕರಿಗೆ ನೆರವಾಗುವುದು ಈ ಮಾಹಿತಿಯ ಉದ್ದೇಶವಾಗಿದೆ.

2. ಹೊಳೆಯ ನೀರಿಗೂ ಕಡಲ ನೀರಿಗೂ ಇರುವ ವ್ಯತ್ಯಾಸ

ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತು, ಹೊಳೆಯನ್ನು ದಾಟಬಲ್ಲವರು ಕಡಲಿನಲ್ಲಿಯೂ ತಮಗೆ ಅಪಾಯವಿಲ್ಲವೆಂದು ಭಾವಿಸುವುದು ಸಹಜ. ಈ ಭಾವನೆ ಸರಿಯಲ್ಲ. ಮುಖ್ಯ ವ್ಯತ್ಯಾಸಗಳು ಈ ಕೆಳಕಂಡಂತಿವೆ.

(ಅ) ಉಬ್ಬರ ಮತ್ತು ಇಳಿತ: ಕಡಲ ನೀರು ಸುಮಾರು ಆರು ಗಂಟೆಗಳ ಕಾಲ ಏರುತ್ತದೆ, ಮುಂದಿನ ಸುಮಾರು ಆರು ಗಂಟೆಗಳ ಕಾಲ ಇಳಿಯುತ್ತದೆ. ಬೆಳಿಗ್ಗೆ ಮೊಣಕಾಲು ಮಟ್ಟಕ್ಕಿದ್ದ ಜಾಗದಲ್ಲಿ ಮಧ್ಯಾಹ್ನ ಆಳು ಮುಳುಗುವಷ್ಟು ನೀರು ಇರಬಹುದು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಈ ಏರಿಳಿತವು ಅತಿ ಹೆಚ್ಚಾಗಿದ್ದು, ಕಾರವಾರದಲ್ಲಿ ಸುಮಾರು 2 ಮೀಟರ್, ಮಂಗಳೂರಿನಲ್ಲಿ ಸುಮಾರು ಒಂದೂವರೆ ಮೀಟರ್ ಇರುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ ಹಾಗೂ ಭಾರತ ಹುಣ್ಣಿಮೆಯ ಜಾತ್ರೆ ಮುಗಿಸಿ ಅಲ್ಲಿಂದಲೇ ಕರಾವಳಿಗೆ ಹೋಗುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಮಾವಾಸ್ಯೆಯ ಮುನ್ನಾದಿನಗಳಲ್ಲಿ ಬರುವ ಮಹಾಶಿವರಾತ್ರಿಗೆ ಗೋಕರ್ಣಕ್ಕೆ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

(ಆ) ಹಿಂಸೆಳೆತ: ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಕಡಲಿಗೆ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವಿನ ತಗ್ಗಿನಲ್ಲಿ, ಬಂಡೆಗಳ ಪಕ್ಕದಲ್ಲಿ ಅಥವಾ ಅಲೆತಡೆ ಗೋಡೆಯ ಬದಿಯಲ್ಲಿ ಆ ನೀರು ಕಿರಿದಾದ ಕಾಲುವೆಯಂತೆ ರಭಸದಿಂದ ಹಿಂದಿರುಗುತ್ತದೆ. ಬಲವಾದ ಹಿಂಸೆಳೆತವು ನುರಿತ ಈಜುಗಾರನ ವೇಗವನ್ನೂ ಮೀರಬಲ್ಲದು. ಅದು ಮನುಷ್ಯನನ್ನು ನೀರಿನಡಿಗೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ಈಜಿ ದಣಿಯುವುದರಿಂದಲೇ ಹೆಚ್ಚಿನ ಸಾವುಗಳು ಸಂಭವಿಸುತ್ತವೆ.

(ಇ) ತಳದ ಸ್ವರೂಪ: ಮರಳಿನ ದಿಬ್ಬಗಳು ಪ್ರತಿ ಮಳೆಗಾಲದಲ್ಲಿ ಸ್ಥಳ ಬದಲಿಸುತ್ತವೆ. ಕಳೆದ ವರ್ಷ ಸುರಕ್ಷಿತವಾಗಿದ್ದ ಜಾಗ ಈ ವರ್ಷವೂ ಹಾಗೆಯೇ ಇರುತ್ತದೆಂದು ಹೇಳಲಾಗದು. ಆದ್ದರಿಂದ ಸ್ಥಳೀಯ ಮೀನುಗಾರರ ಹಾಗೂ ಜೀವರಕ್ಷಕರ ಮಾತೇ ಪ್ರಮಾಣ.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವಾಗಿರಲಿಲ್ಲ. ಕೋಲಾರವೂ ನಮ್ಮ ತಾಲೂಕುಗಳಂತೆಯೇ ಕಡಲು ಕಾಣದ ನಾಡು. ಒಳನಾಡಿನಿಂದ ಹೋಗುವವರು ಕಡಲನ್ನು ಅರಿತು ಇಳಿಯಬೇಕೆಂಬುದನ್ನು ಈ ದುರ್ಘಟನೆಯು ನೆನಪಿಸುತ್ತದೆ.

3. ಋತುಮಾನ

ತೀರದ ಆಯ್ಕೆಗಿಂತ ಮೊದಲು ಋತುವಿನ ಆಯ್ಕೆ ಮುಖ್ಯ. ಒಂದೇ ತೀರವು ಜನವರಿಯಲ್ಲಿ ಕಲಿಯುವವರಿಗೂ ಜುಲೈನಲ್ಲಿ ಯಾರಿಗೂ ತಕ್ಕದ್ದಲ್ಲದ್ದೂ ಆಗಿರುತ್ತದೆ.

(ಅ) ನವೆಂಬರ್‌ನಿಂದ ಮಾರ್ಚ್‌ವರೆಗೆ: ಅಲೆಗಳು ಸಾಮಾನ್ಯವಾಗಿ 1 ಮೀಟರ್‌ಗಿಂತ ಕಡಿಮೆ. ಬೆಳಗಿನ ಹೊತ್ತು ನೆಲದ ಕಡೆಯಿಂದ ಬೀಸುವ ಗಾಳಿಯಿಂದ ನೀರು ನಯವಾಗಿರುತ್ತದೆ. ಮಧ್ಯಾಹ್ನದ ನಂತರ ಕಡಲಗಾಳಿ ಎದ್ದು ನೀರು ಕದಡುತ್ತದೆ. ಹೊಸಬರು ಕಲಿಯಲು ಇದೇ ಸೂಕ್ತ ಕಾಲ. ಬೆಳಗಿನ ಜಾವವೇ ಸೂಕ್ತ ಸಮಯ.

(ಆ) ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ: ಅಲೆಗಳು ಕ್ರಮೇಣ ದೊಡ್ಡದಾಗುತ್ತವೆ. ರಾಷ್ಟ್ರಮಟ್ಟದ ಸ್ಪರ್ಧೆಗಳು ಮೇ ತಿಂಗಳ ಕೊನೆಯಲ್ಲಿ ನಡೆಯುವುದು ಈ ಕಾರಣದಿಂದಲೇ. ಇದು ಮಧ್ಯಮ ಹಾಗೂ ಪರಿಣತ ಹಂತದವರ ಕಾಲ. ಇದೇ ತಿಂಗಳುಗಳಲ್ಲಿ ದಕ್ಷಿಣದ ದೂರದ ಮಹಾಸಾಗರದಲ್ಲಿ ಹುಟ್ಟಿದ ಉದ್ದನೆಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದಿರುವಾಗಲೂ, ಹಠಾತ್ತನೆ ದಡಕ್ಕೆ ನುಗ್ಗುವುದುಂಟು. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎಂದು ಕರೆಯುತ್ತಾರೆ.

(ಇ) ಜೂನ್‌ನಿಂದ ಆಗಸ್ಟ್‌ವರೆಗೆ: ಅಲೆಗಳು 3 ಮೀಟರ್‌ಗೂ ಮೀರಿ ಏಳುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳಿಂದ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸಾರ್ವಜನಿಕರು ಈ ಅವಧಿಯಲ್ಲಿ ಯಾವುದೇ ತೀರದಲ್ಲಿ ನೀರಿಗೆ ಇಳಿಯಕೂಡದು.

(ಈ) ಸೆಪ್ಟೆಂಬರ್ ಮತ್ತು ಅಕ್ಟೋಬರ್: ಮಳೆ ತಗ್ಗಿದರೂ ಅಲೆಗಳಲ್ಲಿ ಬಲ ಉಳಿದಿರುತ್ತದೆ. ಮಧ್ಯಮ ಹಂತದವರಿಗೆ ತಕ್ಕ ಕಾಲ. ನದಿಮುಖಗಳಲ್ಲಿ ಹರಿವು ಇನ್ನೂ ಹೆಚ್ಚಿರುವುದರಿಂದ ಅಳಿವೆಗಳಿಂದ ದೂರವಿರತಕ್ಕದ್ದು.

4. ಕೌಶಲ್ಯದ ಹಂತಗಳು

ನಾಗರಿಕರು ತಾವು ಯಾವ ಹಂತದವರೆಂಬುದನ್ನು ಪ್ರಾಮಾಣಿಕವಾಗಿ ನಿರ್ಧರಿಸಿಕೊಳ್ಳಬೇಕಾಗಿ ಕೋರಲಾಗಿದೆ.

ಮೊದಲನೆಯ ಹಂತ: ಈಜು ಬಾರದವರು. ಇವರು ಜೀವರಕ್ಷಕರಿರುವ ತೀರದಲ್ಲಿ ಮೊಣಕಾಲು ಮಟ್ಟದ ನೀರನ್ನು ಮೀರಿ ಹೋಗಬಾರದು. ಅಲೆ ಸವಾರಿಗೆ ಮುಂಚೆ ಈಜುಕೊಳದಲ್ಲಿ ಈಜು ಕಲಿಯತಕ್ಕದ್ದು.

ಎರಡನೆಯ ಹಂತ: ಹೊಳೆ, ಬಾವಿ ಅಥವಾ ಕೊಳದಲ್ಲಿ ಈಜಬಲ್ಲ, ಕಡಲಿಗೆ ಹೊಸಬರಾದವರು. ಇವರು ಸೊಂಟದ ಮಟ್ಟದ ನೀರಿನಲ್ಲಿ, ಈಗಾಗಲೇ ಮುರಿದು ನೊರೆಯಾಗಿ ಬರುವ ಅಲೆಗಳ ಮೇಲೆ, ತರಬೇತುದಾರರೊಡನೆ ಅಭ್ಯಾಸ ಮಾಡಬಹುದು. ಸುಮಾರು 8ರಿಂದ 9 ಅಡಿ ಉದ್ದದ ಮೃದು ಹಲಗೆ ಇವರಿಗೆ ಸೂಕ್ತ.

ಮೂರನೆಯ ಹಂತ: ನೊರೆಯ ಅಲೆಯ ಮೇಲೆ ನಿಲ್ಲಬಲ್ಲ, ಹಲಗೆಯ ಮೇಲೆ ಮಲಗಿ ಕೈಬೀಸುತ್ತ ಅಲೆಗಳನ್ನು ದಾಟಬಲ್ಲ, ಹಿಂಸೆಳೆತವನ್ನು ಗುರುತಿಸಬಲ್ಲವರು. ಇವರು ಎದೆಯ ಮಟ್ಟದ ಮುರಿಯದ ಅಲೆಗಳನ್ನು ಹಿಡಿಯಬಹುದು.

ನಾಲ್ಕನೆಯ ಹಂತ: ಪರಿಣತರು. ಇವರು ಅಳಿವೆಯ ದಿಬ್ಬಗಳ ಮೇಲೆ ಮುರಿಯುವ, ಆಳೆತ್ತರದ ಅಲೆಗಳನ್ನು ನಿಭಾಯಿಸಬಲ್ಲರು. ಇವರೂ ಒಬ್ಬರೇ ನೀರಿಗಿಳಿಯಬಾರದು.

5. ತೀರಗಳ ವಿವರ

5.1 ಉತ್ತರ ಕನ್ನಡ ಜಿಲ್ಲೆ

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರ: ನಮ್ಮ ತಾಲೂಕುಗಳಿಗೆ ಹತ್ತಿರದ ನಗರ ತೀರಗಳಲ್ಲಿ ಒಂದು. ಎದುರಿಗಿರುವ ದ್ವೀಪಗಳು ಹಾಗೂ ಭೂಶಿರಗಳ ಮರೆಯಿಂದಾಗಿ ಇಲ್ಲಿ ಅಲೆಗಳು ಬಹುತೇಕ ಚಿಕ್ಕವು. ಅಲೆ ಸವಾರಿಗೆ ಬಲ ಸಾಲದಾದರೂ, ಕಡಲಿನ ಮೊದಲ ಪರಿಚಯಕ್ಕೆ ಅನುಕೂಲಕರ. ಉತ್ತರದಲ್ಲಿ ಕಾಳಿ ನದಿಯ ಅಳಿವೆಯಿದ್ದು ಆ ಬದಿಯಲ್ಲಿ ಇಳಿಯಬಾರದು. ದಕ್ಷಿಣದಲ್ಲಿ ಬಂದರು ಹಾಗೂ ಅದರಾಚೆ ನೌಕಾನೆಲೆಯಿದ್ದು, ನಿಷೇಧಿತ ಪ್ರದೇಶಗಳಿಗೆ ಪ್ರವೇಶವಿಲ್ಲ.

ಗೋಕರ್ಣ: ಇಲ್ಲಿ ಮುಖ್ಯ ತೀರ, ಕುಡ್ಲೆ, ಓಂ, ಹಾಫ್ ಮೂನ್ ಹಾಗೂ ಪ್ಯಾರಡೈಸ್ ಎಂಬ ತೀರಗಳಿವೆ. ಕುಡ್ಲೆಯು ಎರಡು ಗುಡ್ಡಗಳ ನಡುವಿನ ಬಾಗಿದ ಮರಳ ತೀರ. ನವೆಂಬರ್‌ನಿಂದ ಮಾರ್ಚ್‌ವರೆಗೆ ಎರಡನೆಯ ಹಂತದವರು ಇದರ ಮಧ್ಯಭಾಗದಲ್ಲಿ ತರಬೇತುದಾರರೊಡನೆ ಕಲಿಯಬಹುದು. ಎರಡೂ ಅಂಚಿನ ಬಂಡೆಗಳ ಬಳಿ ಸೆಳೆತವಿರುತ್ತದೆ. ಮುಖ್ಯ ತೀರವು ಉದ್ದವಾಗಿ ತೆರೆದುಕೊಂಡಿದ್ದು ಹಿಂಸೆಳೆತಗಳು ಹೆಚ್ಚು. ಪೂಜಾ ವಿಧಿಗಳಿಗಾಗಿ ಸ್ನಾನ ಮಾಡುವವರು ದಡದಂಚಿನಲ್ಲಿಯೇ ಮುಗಿಸತಕ್ಕದ್ದು. ಓಂ ತೀರದ ನಡುವಿನ ಬಂಡೆಗಳ ಮೇಲೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದು ಅಪಾಯಕರ. ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳನ್ನು ಕಾಲುದಾರಿಯಿಂದ ಅಥವಾ ದೋಣಿಯಿಂದ ತಲುಪಬೇಕಾಗಿರುವುದರಿಂದ ಅಪಾಯದ ಸಮಯದಲ್ಲಿ ನೆರವು ಬರುವುದು ತಡವಾಗುತ್ತದೆ. ಹೊಸಬರು ಅಲ್ಲಿ ನೀರಿಗಿಳಿಯಬಾರದು.

ಹೊನ್ನಾವರದ ಕಾಸರಕೋಡು: 2020ರಲ್ಲಿ ಅಂತರರಾಷ್ಟ್ರೀಯ ‘ನೀಲಿ ಧ್ವಜ’ ಮಾನ್ಯತೆ ಪಡೆದ ದೇಶದ ಮೊದಲ ಎಂಟು ತೀರಗಳಲ್ಲಿ ಒಂದು. ಗುರುತಿಸಿದ ಸ್ನಾನ ವಲಯವು ಮೊದಲನೆಯ ಹಂತದವರಿಗೂ ಕುಟುಂಬಗಳಿಗೂ ಸೂಕ್ತ. ಉತ್ತರದಲ್ಲಿರುವ ಶರಾವತಿಯ ಅಳಿವೆಯ ಬಳಿ ಇಳಿಯಬಾರದು.

ಮುರುಡೇಶ್ವರ: ಯಾತ್ರಾ ಹಾಗೂ ವಿಹಾರ ಸ್ಥಳ. ಅಲೆ ಸವಾರಿಗೆ ಇದನ್ನು ಆರಿಸಿಕೊಳ್ಳಬಾರದು. ಗುರುತಿಸಿದ ವಲಯದ ಹೊರಗೆ ಮತ್ತು ಸೂರ್ಯಾಸ್ತದ ನಂತರ ಯಾರೂ ನೀರಿಗಿಳಿಯಬಾರದು.

5.2 ಉಡುಪಿ ಜಿಲ್ಲೆ

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಕಡಲು. ನೋಟ ಮನೋಹರವಾದರೂ ತಡೆಗೋಡೆಯ ಕಲ್ಲುಗಳು ಹಾಗೂ ಕಡಿದಾದ ದಡದಿಂದಾಗಿ ಇಲ್ಲಿ ನೀರಿಗಿಳಿಯುವುದು ಯಾವ ಹಂತದವರಿಗೂ ತಕ್ಕದ್ದಲ್ಲ.

ಮಲ್ಪೆಯು ಅಗಲವಾದ, ಜನಸಂದಣಿಯ ತೀರ. ಶಾಂತ ದಿನಗಳಲ್ಲಿ ಮೊದಲ ಎರಡು ಹಂತದವರಿಗೆ ಸೂಕ್ತ. ಮೀನುಗಾರಿಕಾ ಬಂದರಿನ ಬದಿಯಿಂದ ದೂರವಿರತಕ್ಕದ್ದು. ಕಾಪು ತೀರವು 1901ರ ದೀಪಸ್ತಂಭದಿಂದ ಪ್ರಸಿದ್ಧ. ದೀಪಸ್ತಂಭದ ಸುತ್ತಲಿನ ಬಂಡೆಗಳ ಬಳಿ ಸೆಳೆತ ತೀವ್ರ. ಬಂಡೆಗಳಿಂದ ದೂರದ ಮರಳ ಭಾಗವು ಮೂರನೆಯ ಹಂತದವರಿಗೆ ತಕ್ಕದ್ದು. ಪಡುಬಿದ್ರಿಯು ಸಹ 2020ರಲ್ಲಿ ನೀಲಿ ಧ್ವಜ ಮಾನ್ಯತೆ ಪಡೆದ ತೀರವಾಗಿದ್ದು, ಗುರುತಿಸಿದ ವಲಯವು ಮೊದಲನೆಯ ಹಂತದವರಿಗೆ ಸೂಕ್ತ.

5.3 ದಕ್ಷಿಣ ಕನ್ನಡ ಜಿಲ್ಲೆ

ಕ್ರಮಬದ್ಧವಾಗಿ ಅಲೆ ಸವಾರಿ ಕಲಿಯಬಯಸುವವರು ಮಂಗಳೂರು ನಗರದ ಉತ್ತರ ಭಾಗದ ತೀರಗಳನ್ನು ಮೊದಲು ಪರಿಗಣಿಸಬಹುದು. ದೇಶದಲ್ಲಿ ಈ ಕ್ರೀಡೆ ಬೇರೂರಿದ ಸ್ಥಳಗಳಲ್ಲಿ ಮೂಲ್ಕಿಯೂ ಒಂದು. ಅಮೆರಿಕ ಮೂಲದ ಸಂನ್ಯಾಸಿ ಜಾಕ್ ಹೆಬ್ನರ್ ಅವರು ಇಲ್ಲಿಯ ಆಶ್ರಮದಲ್ಲಿ 2004ರ ಸುಮಾರಿಗೆ ಆರಂಭಿಸಿದ ಮಂತ್ರ ಸರ್ಫ್ ಕ್ಲಬ್ ಹಲವು ಸ್ಥಳೀಯ ಯುವಕರನ್ನು ಈ ಕ್ರೀಡೆಗೆ ತಂದಿತು.

ಪಣಂಬೂರು: ನವ ಮಂಗಳೂರು ಬಂದರಿನ ದಕ್ಷಿಣಕ್ಕಿರುವ ಮರಳ ತೀರ. ನಗರದಿಂದ ಸುಮಾರು 10 ಕಿ.ಮೀ. ತಳ ಮರಳಾಗಿದ್ದು ಜೀವರಕ್ಷಕರ ವ್ಯವಸ್ಥೆಯಿರುವುದರಿಂದ ಎರಡನೆಯ ಹಂತದವರಿಗೆ ಸೂಕ್ತ. 2022ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಇಲ್ಲಿ ನಡೆದಿತ್ತು. ಬಂದರಿನ ಅಲೆತಡೆ ಗೋಡೆಯ ಸಮೀಪ ಹೋಗಬಾರದು.

ತಣ್ಣೀರುಬಾವಿ: ಪಣಂಬೂರಿನ ದಕ್ಷಿಣಕ್ಕೆ, ಗುರುಪುರ ನದಿ ಹಾಗೂ ಕಡಲಿನ ನಡುವಿನ ತೀರ. ಜನಸಂದಣಿ ಕಡಿಮೆ. ಶಾಂತ ಋತುವಿನಲ್ಲಿ ಎರಡನೆಯ ಹಂತದವರು ತರಬೇತುದಾರರೊಡನೆ ಅಭ್ಯಾಸ ಮಾಡಬಹುದು.

ಸುರತ್ಕಲ್: ದೀಪಸ್ತಂಭದ ಬಳಿ ಬಂಡೆಗಳಿವೆ. ಮೂರನೆಯ ಹಂತ ಹಾಗೂ ಮೇಲ್ಪಟ್ಟವರಿಗೆ ಮಾತ್ರ.

ಸಸಿಹಿತ್ಲು: ನಂದಿನಿ ಮತ್ತು ಶಾಂಭವಿ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಬಳಿಯ ತೀರ. ಅಳಿವೆಯ ಮರಳ ದಿಬ್ಬದ ಮೇಲೆ ಒಳ್ಳೆಯ ಅಲೆಗಳು ಮುರಿಯುತ್ತವೆ. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್‌ನ ಮೊದಲ ಆವೃತ್ತಿ ಇಲ್ಲಿ ನಡೆಯಿತು; 2024ರಲ್ಲಿಯೂ ಸ್ಪರ್ಧೆ ಇಲ್ಲಿಯೇ ನಡೆಯಿತು. ಮೂರನೆಯ ಮತ್ತು ನಾಲ್ಕನೆಯ ಹಂತದವರಿಗೆ ತಕ್ಕದ್ದು. ಇಳಿತದ ವೇಳೆ ನದಿಯ ನೀರು ರಭಸದಿಂದ ಹೊರಹರಿಯುವುದರಿಂದ ಈಜುವವರಿಗೆ ಅಳಿವೆಯು ಅತ್ಯಂತ ಅಪಾಯಕರ.

ಸೋಮೇಶ್ವರ (ಉಳ್ಳಾಲ): ದೇವಸ್ಥಾನದ ಬಳಿಯ ಬಂಡೆಗಳು ಹಾಗೂ ಕಡಿದಾದ ತಳದಿಂದಾಗಿ ಸ್ನಾನಕ್ಕೂ ಸವಾರಿಗೂ ಯೋಗ್ಯವಲ್ಲ.

6. ತೀರ ತಲುಪಿದ ಮೇಲೆ ಅನುಸರಿಸಬೇಕಾದ ಕ್ರಮ

(1) ಕನಿಷ್ಠ ಹದಿನೈದು ನಿಮಿಷ ದಡದಲ್ಲಿ ನಿಂತು ನೀರನ್ನು ಗಮನಿಸತಕ್ಕದ್ದು. ಎರಡೂ ಬದಿಗಳಲ್ಲಿ ಅಲೆ ಮುರಿಯುತ್ತಿದ್ದು ನಡುವೆ ಅಲೆ ಮುರಿಯದ, ಬಣ್ಣ ಗಾಢವಾಗಿರುವ ಅಥವಾ ಕೆಸರು ಹೊರಹೋಗುತ್ತಿರುವ ಪಟ್ಟಿ ಕಂಡರೆ ಅದೇ ಹಿಂಸೆಳೆತ. ಶಾಂತವಾಗಿ ಕಾಣುವ ಆ ಜಾಗವನ್ನೇ ಹೊಸಬರು ಸ್ನಾನಕ್ಕೆ ಆರಿಸಿಕೊಳ್ಳುವುದು ಸಾಮಾನ್ಯ ತಪ್ಪು.

(2) ಧ್ವಜಗಳ ಅರ್ಥ ತಿಳಿದಿರಬೇಕು. ಕೆಂಪು ಧ್ವಜವಿದ್ದರೆ ನೀರಿಗಿಳಿಯಕೂಡದು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಧ್ವಜಗಳ ನಡುವಿನ ಭಾಗ ಜೀವರಕ್ಷಕರ ನಿಗಾದಲ್ಲಿರುವ ಸ್ನಾನ ವಲಯ. ಕಪ್ಪು-ಬಿಳಿ ಚೌಕಗಳ ಧ್ವಜವು ಹಲಗೆ ಸವಾರಿಯ ವಲಯವನ್ನು ಸೂಚಿಸುತ್ತದೆ. ಅಲ್ಲಿ ಸ್ನಾನ ಮಾಡಬಾರದು.

(3) ಹೊರಡುವ ಮುನ್ನ ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ ಅಲೆ ಮುನ್ಸೂಚನೆಯನ್ನು ಹಾಗೂ ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ನೋಡತಕ್ಕದ್ದು.

(4) ಮದ್ಯಪಾನ ಮಾಡಿ ಅಥವಾ ಹೊಟ್ಟೆ ತುಂಬ ಊಟ ಮಾಡಿ ನೀರಿಗಿಳಿಯಬಾರದು. ಸೀರೆ, ಧೋತರ ಮೊದಲಾದ ಉದ್ದನೆಯ ಉಡುಪು ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ.

(5) ಸವಾರಿ ಮಾಡುವವರು ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡಿರಬೇಕು. ಅಲೆ ಮುರಿಯುವ ಬಿಂದುವಿಗೆ ಹತ್ತಿರವಿರುವವರಿಗೆ ಆ ಅಲೆಯ ಮೇಲೆ ಮೊದಲ ಹಕ್ಕು ಎಂಬುದು ಎಲ್ಲೆಡೆ ಪಾಲಿಸುವ ನಿಯಮ.

7. ಹಿಂಸೆಳೆತಕ್ಕೆ ಸಿಲುಕಿದಾಗ

ಗಾಬರಿಗೊಳ್ಳದೆ ಮೊದಲು ತೇಲಬೇಕು. ಹಲಗೆ ಇದ್ದರೆ ಅದನ್ನು ಬಿಡಬಾರದು. ದಡದ ಕಡೆಗೆ ನೇರವಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಜಿ, ಅಲೆಗಳು ಮುರಿಯುತ್ತಿರುವ ಭಾಗವನ್ನು ತಲುಪಿ ಅಲೆಗಳ ಜೊತೆಯಲ್ಲಿ ದಡಕ್ಕೆ ಬರಬೇಕು. ಶಕ್ತಿ ಸಾಲದಿದ್ದರೆ ತೇಲುತ್ತ ಒಂದು ಕೈ ಎತ್ತಿ ನೆರವು ಕೋರಬೇಕು.

ದಡದಲ್ಲಿರುವವರು ಒಬ್ಬರ ಹಿಂದೆ ಒಬ್ಬರಂತೆ ನೀರಿಗೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಅಣ್ಣ-ತಮ್ಮಂದಿರು, ತಂದೆ-ಮಕ್ಕಳು ಒಟ್ಟಿಗೆ ಪ್ರಾಣ ಕಳೆದುಕೊಳ್ಳುವುದು ಹೀಗೆಯೇ. ಜೀವರಕ್ಷಕರನ್ನು ಕರೆಯಬೇಕು, ಹಗ್ಗ, ಖಾಲಿ ಮುಚ್ಚಿದ ಕೊಡ, ಟ್ಯೂಬು ಮುಂತಾದ ತೇಲುವ ವಸ್ತುವನ್ನು ಎಸೆಯಬೇಕು, ಸಿಲುಕಿದವರ ಮೇಲಿನ ದೃಷ್ಟಿಯನ್ನು ಕದಲಿಸಬಾರದು. ಮೇಲೆ ತಂದ ವ್ಯಕ್ತಿಗೆ ಉಸಿರಾಟವಿಲ್ಲದಿದ್ದರೆ ತಲೆಕೆಳಗು ಮಾಡಿ ನೀರು ತೆಗೆಯಲು ಯತ್ನಿಸದೆ, ತಿಳಿದವರು ಕೂಡಲೇ ಬಾಯಿಯಿಂದ ಉಸಿರು ನೀಡುವ ಹಾಗೂ ಎದೆ ಒತ್ತುವ ಕ್ರಮವನ್ನು ಆರಂಭಿಸತಕ್ಕದ್ದು.

8. ತರಬೇತಿ ಕೇಂದ್ರದ ಆಯ್ಕೆ

ಹಣ ಪಾವತಿಸುವ ಮುನ್ನ ಕೆಳಕಂಡ ಅಂಶಗಳನ್ನು ಕೇಳಿ ತಿಳಿಯಬೇಕು: ತರಬೇತುದಾರರಿಗೆ ಜೀವರಕ್ಷಣೆಯ ಪ್ರಮಾಣಪತ್ರವಿದೆಯೇ; ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ ಕಲಿಯುವವರು; ಹಲಗೆ ಮೃದುವಾದದ್ದೇ; ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇದೆಯೇ; ಹವಾಮಾನ ಕೆಟ್ಟರೆ ತರಗತಿ ರದ್ದಾಗಿ ಹಣ ಮರಳುತ್ತದೆಯೇ. ಈಜು ಬರುತ್ತದೆಯೇ ಎಂದು ಕೇಳದೆಯೇ ಸೇರಿಸಿಕೊಳ್ಳುವ ಕೇಂದ್ರವನ್ನು ಬಿಡುವುದು ಒಳಿತು.

9. ಶಾಲಾ ಪ್ರವಾಸಗಳಿಗೆ ಸೂಚನೆ

ಶಾಲಾ ಪ್ರವಾಸಕ್ಕೆ ಅನುಮತಿ ಕೋರುವ ಮುಖ್ಯೋಪಾಧ್ಯಾಯರು ತಮ್ಮ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಸಾಕಷ್ಟು ಮುಂಚಿತವಾಗಿ ಸಂಪರ್ಕಿಸತಕ್ಕದ್ದು. ಮಕ್ಕಳ ಪಟ್ಟಿ, ಪೋಷಕರ ಲಿಖಿತ ಒಪ್ಪಿಗೆ, ಜೊತೆಗಿರುವ ಶಿಕ್ಷಕ-ಶಿಕ್ಷಕಿಯರ ವಿವರ, ಮಾರ್ಗ ಹಾಗೂ ವಾಹನದ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಕಾರ್ಯಕ್ರಮ ಪಟ್ಟಿಯಲ್ಲಿ ಯಾವ ತೀರ, ಯಾವ ಹೊತ್ತು ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು ಒಳ್ಳೆಯದು. ತೀರದಲ್ಲಿ ಮಕ್ಕಳನ್ನು ಚಿಕ್ಕ ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೆ ನೀರಿಗಿಳಿಯದೆ ದಡದಿಂದಲೇ ನಿಗಾ ಇಡುವ ಒಬ್ಬ ಶಿಕ್ಷಕರನ್ನು ನೇಮಿಸಿ, ನೀರಿಗೆ ಹೋಗುವಾಗಲೂ ಬರುವಾಗಲೂ ತಲೆಎಣಿಕೆ ಮಾಡತಕ್ಕದ್ದು. ಅಲೆ ಸವಾರಿಯನ್ನು ಶಾಲಾ ಪ್ರವಾಸದ ಭಾಗವಾಗಿ ಮಾಡಬಾರದು.

10. ಪ್ರಯಾಣ

ಬೈಲಹೊಂಗಲ, ಸವದತ್ತಿ ಹಾಗೂ ರಾಮದುರ್ಗ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲದಿರುವುದರಿಂದ ರಸ್ತೆ ಮಾರ್ಗವೇ ಅನುಕೂಲ. ಕಿತ್ತೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಧಾರವಾಡ ಅಥವಾ ಹುಬ್ಬಳ್ಳಿ ತಲುಪಿ, ಅಲ್ಲಿಂದ ಯಲ್ಲಾಪುರ ಹಾಗೂ ಅರಬೈಲ್ ಘಟ್ಟದ ಮೂಲಕ ಅಂಕೋಲಾಕ್ಕೆ ಇಳಿಯಬಹುದು. ಹುಬ್ಬಳ್ಳಿಯಿಂದ ಅಂಕೋಲಾ ಸುಮಾರು 135 ಕಿ.ಮೀ. ಅಂಕೋಲಾದಿಂದ ಉತ್ತರಕ್ಕೆ ಕಾರವಾರ, ದಕ್ಷಿಣಕ್ಕೆ ಗೋಕರ್ಣ, ಹೊನ್ನಾವರ, ಮುರುಡೇಶ್ವರ, ಉಡುಪಿ, ಮಂಗಳೂರು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಿಗುತ್ತವೆ. ಗುಂಪಾಗಿ ಹೋಗುವವರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ಒಪ್ಪಂದದ ಮೇಲೆ ಪಡೆಯಲು ಸಮೀಪದ ಘಟಕವನ್ನು ವಿಚಾರಿಸಬಹುದು. ಮಳೆಗಾಲದಲ್ಲಿ ಗುಡ್ಡ ಕುಸಿತದ ಅಪಾಯವಿರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಪ್ರಾಣಹಾನಿಯಾಗಿತ್ತು.

ರಾತ್ರಿಯಿಡೀ ಪ್ರಯಾಣಿಸಿ ಬೆಳಿಗ್ಗೆ ಬಸ್ಸಿನಿಂದಿಳಿದೊಡನೆ ನೀರಿಗಿಳಿಯುವ ರೂಢಿಯನ್ನು ಬಿಡಬೇಕಾಗಿ ಕೋರಲಾಗಿದೆ. ದಣಿದ ದೇಹ ಕಡಲಿನಲ್ಲಿ ಬೇಗ ಸೋಲುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನವಿಲುತೀರ್ಥದ ರೇಣುಕಾಸಾಗರದಲ್ಲಿ ಮೊದಲು ಅಭ್ಯಾಸ ಮಾಡಬಹುದೇ?
ಉತ್ತರ: ಇಲ್ಲ. ಜಲಾಶಯದಲ್ಲಿ ಅಲೆ ಸವಾರಿಗೆ ಬೇಕಾದ ಅಲೆಗಳಿಲ್ಲ. ಆಳವಾದ ನೀರು, ಕೆಸರು ತಳ ಹಾಗೂ ಜೀವರಕ್ಷಕರಿಲ್ಲದಿರುವುದು ಅಪಾಯಕರ. ಈಜುಕೊಳದಲ್ಲಿ ಅಭ್ಯಾಸ ಮಾಡುವುದು ಸೂಕ್ತ.

ಪ್ರಶ್ನೆ: ಉಪ್ಪುನೀರಿನಲ್ಲಿ ದೇಹ ಸುಲಭವಾಗಿ ತೇಲುತ್ತದಲ್ಲವೇ?
ಉತ್ತರ: ತುಸು ಸುಲಭ ಹೌದು. ಆದರೆ ಅಲೆ ಮತ್ತು ಸೆಳೆತದ ಬಲದ ಮುಂದೆ ಆ ಅನುಕೂಲ ಅತ್ಯಲ್ಪ.

ಪ್ರಶ್ನೆ: ಮೊದಲ ಬಾರಿ ಕಲಿಯಲು ಒಂದೇ ಸ್ಥಳ ಸೂಚಿಸುವುದಾದರೆ?
ಉತ್ತರ: ಈಜು ಬಲ್ಲವರಿಗೆ ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ, ಬೆಳಗಿನ ಹೊತ್ತು, ತರಬೇತುದಾರರೊಡನೆ ಪಣಂಬೂರು. ಅಷ್ಟು ದೂರ ಹೋಗಲಾಗದವರಿಗೆ ಗೋಕರ್ಣದ ಕುಡ್ಲೆ.

12. ತುರ್ತು ದೂರವಾಣಿ ಸಂಖ್ಯೆಗಳು

ತುರ್ತು ಸೇವೆ: 112
ಆಂಬುಲೆನ್ಸ್: 108
ಕರಾವಳಿ ಕಾವಲು ಪೊಲೀಸ್: 1093
ಭಾರತೀಯ ತಟರಕ್ಷಣಾ ಪಡೆ, ಸಮುದ್ರದಲ್ಲಿ ಶೋಧ ಮತ್ತು ರಕ್ಷಣೆ: 1554

ಕರೆ ಮಾಡುವಾಗ ತೀರದ ಹೆಸರು, ಸಮೀಪದ ಗುರುತು ಹಾಗೂ ಸಿಲುಕಿದವರ ಸಂಖ್ಯೆಯನ್ನು ಮೊದಲು ತಿಳಿಸತಕ್ಕದ್ದು. ತೀರದಲ್ಲಿ ಜೀವರಕ್ಷಕರು ಹಾಗೂ ಪೊಲೀಸ್ ಸಿಬ್ಬಂದಿ ನೀಡುವ ಸೂಚನೆಯು ಈ ಪುಟದ ಮಾಹಿತಿಗಿಂತ ಮೇಲಿನದಾಗಿದ್ದು, ನಾಗರಿಕರು ಅದನ್ನು ತಪ್ಪದೆ ಪಾಲಿಸಿ ಸಹಕರಿಸಬೇಕಾಗಿ ವಿನಂತಿ.